ಕಾಂಕಾಲ್: ಕಡಲು ಸರಿದ ಮೇಲೆ ಬಡಿಸುವ ಊರು

ಫ್ರಾನ್ಸ್ ದೇಶದ ವಾಯವ್ಯ ಭಾಗದಲ್ಲಿ ಅಟ್ಲಾಂಟಿಕದತ್ತ ಮುಖ ಚಾಚಿಕೊಂಡಿರುವ ಪರ್ಯಾಯದ್ವೀಪಕ್ಕೆ ಬ್ರಿಟನಿ ಎಂದು ಹೆಸರು. ಅದರ ಉತ್ತರ ಕರಾವಳಿಯಲ್ಲಿ, ಕೋಟೆಯೂರಾದ ಸಾಂ-ಮಾಲೊದಿಂದ ಪೂರ್ವಕ್ಕೆ ಸುಮಾರು 15 ಕಿಲೋಮೀಟರ್ ದೂರದಲ್ಲಿ ಕಾಂಕಾಲ್ ಎಂಬ ಸಣ್ಣ ಪಟ್ಟಣವಿದೆ. ಅಲ್ಲಿಯ ಜನಸಂಖ್ಯೆ ಐದು ಸಾವಿರದ ಆಸುಪಾಸು. ನಮ್ಮ ಕಡೆಯ ಒಂದು ಗ್ರಾಮ ಪಂಚಾಯತಿಯಷ್ಟೂ ಇಲ್ಲ. ಗುಡ್ಡದ ಮೇಲೆ ಇಗರ್ಜಿ ಮತ್ತು ಪೇಟೆ, ಗುಡ್ಡದ ಬುಡದಲ್ಲಿ ಲಾ ಊಲ್ ಎಂಬ ಬಂದರು, ಬಂದರಿನುದ್ದಕ್ಕೂ ಬೂದುಗಲ್ಲಿನ ಮನೆಗಳ ಒಂದೇ ಸಾಲು. ಆ ಸಾಲಿನ ಹೆಚ್ಚಿನ ಮನೆಗಳ ನೆಲ ಅಂತಸ್ತಿನಲ್ಲಿ ಭೋಜನಶಾಲೆಗಳಿವೆ. ದಡದ ಮೆಟ್ಟಿಲಿನ ಮೇಲೆ ಕುಳಿತು ಕೆಲವೇ ಯೂರೊಗಳಿಗೆ ತಿನ್ನುವ ತಟ್ಟೆಯೂ, ತಿಂಗಳುಗಟ್ಟಲೆ ಮೊದಲೇ ಸ್ಥಳ ಕಾದಿರಿಸಿ ನೂರಾರು ಯೂರೊ ತೆತ್ತು ಉಣ್ಣುವ ಊಟವೂ ಈ ಒಂದೇ ಊರಿನ ಆಸುಪಾಸಿನಲ್ಲಿ ದೊರೆಯುತ್ತವೆ. ಇಡೀ ಫ್ರಾನ್ಸಿನಲ್ಲಿ ಮಿಷೆಲಿನ್ ಕೈಪಿಡಿಯ ಮೂರು ನಕ್ಷತ್ರಗಳನ್ನು ಹೊಂದಿರುವ ಭೋಜನಶಾಲೆಗಳು ಮೂವತ್ತರ ಆಸುಪಾಸು ಮಾತ್ರ. ಆ ಮನ್ನಣೆ ಕಾಂಕಾಲಿನ ಒಂದೇ ಕುಟುಂಬಕ್ಕೆ ಎರಡು ಸಲ ಬಂದಿದೆ. 2006ರಲ್ಲಿ ತಂದೆಗೆ, 2025ರಲ್ಲಿ ಮಗನಿಗೆ. ನಡುವಿನ ಕಾಲದಲ್ಲಿ ತಂದೆ ಆ ನಕ್ಷತ್ರಗಳನ್ನು ತಾನಾಗಿ ಬಿಟ್ಟುಕೊಟ್ಟದ್ದೂ ಉಂಟು.

ನೀರಿನಡಿಯ ಹೊಲ

ಕಾಂಕಾಲಿನ ಊಟವನ್ನು ಅರಿಯಬೇಕಾದರೆ ಮೊದಲು ಅಲ್ಲಿಯ ಭರತ ಇಳಿತಗಳನ್ನು ಅರಿಯಬೇಕು. ಕಾಸರಗೋಡಿನ ಕಡಲಿನಲ್ಲಿ ಭರತಕ್ಕೂ ಇಳಿತಕ್ಕೂ ನಡುವೆ ನೀರಿನ ಮಟ್ಟದ ಅಂತರ ಎರಡು ಮೀಟರಿಗೂ ಒಳಗೇ. ಕಾಂಕಾಲ್ ಇರುವ ಮೋಂ ಸಾಂ ಮಿಷೆಲ್ ಕೊಲ್ಲಿಯಲ್ಲಿ, ವಿಷುವತ್ ಕಾಲದ ಹುಣ್ಣಿಮೆ ಅಮಾವಾಸ್ಯೆಗಳ ಸಮೀಪದಲ್ಲಿ, ಅದು ಹದಿಮೂರು ಮೀಟರನ್ನೂ ದಾಟುತ್ತದೆ. ನಾಲ್ಕು ಅಂತಸ್ತಿನ ಕಟ್ಟಡದಷ್ಟು ನೀರು ಆರು ಗಂಟೆಗಳ ಅವಧಿಯಲ್ಲಿ ಏರಿ, ಮುಂದಿನ ಆರು ಗಂಟೆಗಳಲ್ಲಿ ಇಳಿದು ಹೋಗುತ್ತದೆ. ಬೆಳಿಗ್ಗೆ ತೇಲುತ್ತಿದ್ದ ದೋಣಿ ಮಧ್ಯಾಹ್ನದ ಹೊತ್ತಿಗೆ ಕೆಸರಿನ ಮೇಲೆ ವಾಲಿಕೊಂಡು ಮಲಗಿರುತ್ತದೆ. ಸಾಂ-ಮಾಲೊ ಪಕ್ಕದ ರಾನ್ಸ್ ನದೀಮುಖದಲ್ಲಿ ಈ ಏರಿಳಿತದಿಂದಲೇ ವಿದ್ಯುತ್ತನ್ನು ಉತ್ಪಾದಿಸುವ 240 ಮೆಗಾವಾಟ್ ಸಾಮರ್ಥ್ಯದ ಸ್ಥಾವರ 1966ರಿಂದ ನಡೆಯುತ್ತಿದೆ.

ನೀರು ಸರಿದ ಕೂಡಲೇ ಲಾ ಊಲ್ ಬಂದರಿನ ಎದುರು ಒಂದು ಹೊಲವೇ ತೆರೆದುಕೊಳ್ಳುತ್ತದೆ. ಮೊಣಕಾಲೆತ್ತರದ ಕಬ್ಬಿಣದ ಮಂಚಗಳು ಸಾಲುಸಾಲಾಗಿ ನಿಂತಿರುತ್ತವೆ. ಅವುಗಳ ಮೇಲೆ ಬಲೆಯಂಥ ಚೀಲಗಳು. ಚೀಲಗಳೊಳಗೆ ಬೆಳೆಯುತ್ತಿರುವ ಸಿಂಪಿಗಳು. ರೈತರು ಟ್ರ್ಯಾಕ್ಟರುಗಳನ್ನು ಏರಿಕೊಂಡು ಸಮುದ್ರದ ತಳಕ್ಕೇ ಹೋಗುತ್ತಾರೆ, ಚೀಲಗಳನ್ನು ಮಗುಚಿ ಹಾಕುತ್ತಾರೆ, ಪಾಚಿಯನ್ನು ಉದುರಿಸುತ್ತಾರೆ, ನೀರು ಮರಳುವ ಮೊದಲೇ ದಡ ಸೇರುತ್ತಾರೆ. ಒಂದು ಸಿಂಪಿ ತಟ್ಟೆಗೆ ಬರಲು ಸುಮಾರು ಮೂರು ವರ್ಷ ಬೇಕು. ಮುತ್ತನ್ನು ಕೊಡುವ ಸಿಂಪಿ ಇದಲ್ಲ, ತಿನ್ನುವ ಜಾತಿಯದು. ನಮ್ಮ ಕರಾವಳಿಯ ಹೊಳೆಬಾಯಿಗಳಲ್ಲಿ ಮರುವಾಯಿ ಹೆಕ್ಕುವವರಿಗೆ ಇದರ ಬಂಧುಬಳಗ ಅಪರಿಚಿತವಲ್ಲ.

ಈ ಬೇಸಾಯದ ಹಿಂದೆ ಅತಿಯಾಸೆಯ ಒಂದು ಕಥೆಯಿದೆ. ಹಿಂದೆ ಕೊಲ್ಲಿಯ ತಳದಲ್ಲಿ ಚಪ್ಪಟೆ ಸಿಂಪಿ ತಾನಾಗಿ ಹಾಸಿಕೊಂಡಿತ್ತು. ಹದಿನಾಲ್ಕನೆಯ ಲೂಯಿ ದೊರೆಯ ಅರಮನೆಗೂ ಪ್ಯಾರಿಸಿನ ಪೇಟೆಗೂ ಇಲ್ಲಿಂದಲೇ ಸರಕು ಹೋಗುತ್ತಿತ್ತು. ಎಲ್ಲರೂ ಬಾಚಿದರು, ಹದಿನೆಂಟನೆಯ ಶತಮಾನದ ಹೊತ್ತಿಗೆ ಬರಿದಾಗುವ ಭಯ ಹುಟ್ಟಿ, ಬಾಚುವ ದಿನಗಳನ್ನು ಆಜ್ಞೆಗಳ ಮೂಲಕ ಮಿತಗೊಳಿಸಬೇಕಾಯಿತು. ಮುಂದೆ ರೋಗಗಳೂ ಬಂದವು. 1920ರ ಸುಮಾರಿಗೆ ಒಮ್ಮೆ, 1970ರ ದಶಕದಲ್ಲಿ ಮತ್ತೊಮ್ಮೆ ಚಪ್ಪಟೆ ಸಿಂಪಿ ಸಾಮೂಹಿಕವಾಗಿ ಸತ್ತಿತು. ಅದರ ಸ್ಥಾನಕ್ಕೆ ಪೆಸಿಫಿಕ್ ಸಾಗರದಿಂದ ತಂದ ಬಟ್ಟಲು ಸಿಂಪಿ ಬಂದಿತು. 2008ರಿಂದ ಎಳೆಯ ಸಿಂಪಿಗಳನ್ನು ಕೊಲ್ಲುವ ವೈರಾಣುವೊಂದರ ಕಾಟ ಆ ಜಾತಿಗೂ ತಗಲಿದೆ. ಭೋಜನಶಾಲೆಯ ಬಿಳಿ ಮೇಜುಬಟ್ಟೆಯ ಮೇಲೆ ಹಿಮದ ಚೂರುಗಳ ನಡುವೆ ಹೊಳೆಯುವ ಆರು ಸಿಂಪಿಗಳ ಹಿಂದೆ ಇಂಥ ಆತಂಕದ ಬೇಸಾಯವೊಂದಿದೆ.

ದಡ ಯಾರದು?

ಇಷ್ಟು ಬೆಲೆಬಾಳುವ ಈ ಹೊಲದ ಒಡೆಯರು ಯಾರು? ಉತ್ತರ ಸರಳ: ಖಾಸಗಿ ಒಡೆಯರು ಯಾರೂ ಇಲ್ಲ. ಅರಸನ ಸ್ವತ್ತನ್ನು ಪರಭಾರೆ ಮಾಡಲಾಗದು ಎಂದು ಫ್ರಾನ್ಸ್ 1566ರಲ್ಲಿಯೇ ಮೂಲೆಂ ಶಾಸನದಲ್ಲಿ ವಿಧಿಸಿತು. 1681ರಲ್ಲಿ, ಮಂತ್ರಿ ಕೊಲ್ಬೇರನ ಕಾಲದಲ್ಲಿ ಸಿದ್ಧವಾದ ಕಡಲ ಶಾಸನ, ಸಮುದ್ರ ಏರಿ ಮುಚ್ಚುವ ಮತ್ತು ಇಳಿದು ತೆರೆಯುವ ನೆಲವನ್ನೆಲ್ಲ ಕಡಲತಡಿಯೆಂದೇ ನಿರೂಪಿಸಿತು. ಅರಸ ಹೋದ, ಗಣರಾಜ್ಯ ಬಂದಿತು, ತತ್ತ್ವ ಉಳಿಯಿತು. ಇಂದಿಗೂ ಆ ನೆಲ ಸಾರ್ವಜನಿಕ. ಸಿಂಪಿ ರೈತನಿಗೆ ಸಿಗುವುದು ಒಡೆತನವಲ್ಲ, 35 ವರ್ಷಗಳಿಗೆ ಮೀರದ ಅವಧಿಯ ಬಳಕೆಯ ಅನುಮತಿ ಮಾತ್ರ.

ದಡದ ಮೇಲಿನ ಕಾನೂನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. 1976ರ ಡಿಸೆಂಬರ್ 31ರ ಕಾಯ್ದೆಯಂತೆ ಕಡಲಿಗೆ ತಾಗಿದ ಖಾಸಗಿ ಜಮೀನಿನಲ್ಲಿ ಮೂರು ಮೀಟರ್ ಅಗಲದ ಪಟ್ಟಿಯಲ್ಲಿ ನಡೆದುಹೋಗುವ ಹಕ್ಕು ಸಾರ್ವಜನಿಕರಿಗೆ ಉಂಟು. ಹಿಂದೆ ಸುಂಕದವರು ಕಳ್ಳಸಾಗಣೆಗಾರರನ್ನು ಕಾಯಲು ಸುತ್ತುತ್ತಿದ್ದ ಕಾಲುದಾರಿ ಈಗ ಬ್ರಿಟನಿಯ ಕರಾವಳಿಯುದ್ದಕ್ಕೂ ಎರಡು ಸಾವಿರ ಕಿಲೋಮೀಟರಿಗೂ ಮಿಕ್ಕಿದ ಪಾದಯಾತ್ರೆಯ ಹಾದಿಯಾಗಿದೆ. ಅದು ಕಾಂಕಾಲನ್ನು ಹಾದು ಗ್ರೂಆಂ ಭೂಶಿರದತ್ತ ಸಾಗುತ್ತದೆ. ಮೂರು ನಕ್ಷತ್ರದ ಊಟವನ್ನು ಉಳ್ಳವರು ಕೊಳ್ಳಬಹುದು. ಆ ಊಟದ ಕಿಟಕಿಯಿಂದ ಕಾಣುವ ಕೊಲ್ಲಿಯನ್ನು ಮಾತ್ರ ಬುತ್ತಿ ಕಟ್ಟಿಕೊಂಡು ಬಂದ ಶಾಲಾ ಮಕ್ಕಳೂ ಸಮಾನ ಹಕ್ಕಿನಿಂದ ನೋಡುತ್ತಾರೆ. ಇಳಿತದ ಹೊತ್ತಿನಲ್ಲಿ, ಬೇಸಾಯದ ಸಾಲುಗಳನ್ನು ಬಿಟ್ಟು ಉಳಿದ ಬಂಡೆಗಳ ನಡುವೆ, ನಿಗದಿತ ಗಾತ್ರ ಮತ್ತು ಪ್ರಮಾಣದ ಮಿತಿಯಲ್ಲಿ, ತಮ್ಮ ಮನೆಯಡುಗೆಗೆ ಬೇಕಾದ ಚಿಪ್ಪುಜೀವಿಗಳನ್ನು ಹೆಕ್ಕಿಕೊಳ್ಳಲು ಕೂಡ ಜನರಿಗೆ ಅವಕಾಶವಿದೆ.

ಬಂದರಿನ ತಟ್ಟೆ, ಕಾವಲಿಯ ದೋಸೆ

ಬಂದರಿನ ತುದಿಯಲ್ಲಿ, ದೀಪಸ್ತಂಭದ ಬಳಿ, ನೀಲಿ ಬಿಳಿ ಪಟ್ಟೆಯ ಚಪ್ಪರಗಳ ಕೆಳಗೆ ಸಿಂಪಿಯ ಸಂತೆ ನಡೆಯುತ್ತದೆ. ಬುಟ್ಟಿಗಳ ಮೇಲೆ ಅಂಕಿಗಳನ್ನು ಬರೆದಿರುತ್ತಾರೆ. ಅಂಕಿ ಚಿಕ್ಕದಾದಷ್ಟೂ ಸಿಂಪಿ ದೊಡ್ಡದು. ಸೊನ್ನೆ ಭಾರೀ ಗಾತ್ರದ್ದು, ಐದು ಪುಟ್ಟದು. ಹಲವು ವರ್ಷ ಬೆಳೆದ ಚಪ್ಪಟೆ ಸಿಂಪಿಗೆ ಅಲ್ಲಿಯವರು ಇಟ್ಟ ಹೆಸರು ‘ಕುದುರೆಯ ಗೊರಸು’. ಮಾರುವವರು ಚೂರಿಯ ಒಂದೇ ತಿರುವಿನಲ್ಲಿ ಚಿಪ್ಪನ್ನು ತೆರೆದು, ತಟ್ಟೆಯ ಮೇಲೆ ಜೋಡಿಸಿ, ಒಂದು ನಿಂಬೆಹೋಳನ್ನು ಇಟ್ಟುಕೊಡುತ್ತಾರೆ. ಕೊಂಡವರು ಎದುರಿನ ಮೆಟ್ಟಿಲುಗಳ ಮೇಲೆ ಕುಳಿತು ತಿಂದು, ಬರಿಯ ಚಿಪ್ಪನ್ನು ಅಲ್ಲೇ ದಡಕ್ಕೆ ಎಸೆದು, ತಟ್ಟೆಯನ್ನು ಹಿಂದಿರುಗಿಸುತ್ತಾರೆ. ಎಸೆದ ಚಿಪ್ಪುಗಳಿಂದ ದಡವೇ ಬೆಳ್ಳಗಾಗಿದೆ. ಬ್ಯಾಂಕಿನ ಅಧಿಕಾರಿಯೂ ಲಾರಿಯ ಚಾಲಕನೂ ಇಲ್ಲಿ ಒಂದೇ ಮೆಟ್ಟಿಲಿನವರು.

ಕಡಲ ಜೀವಿಗಳನ್ನು ಮುಟ್ಟದವರು ಹಸಿದು ಮರಳಬೇಕಾಗಿಲ್ಲ. ಬ್ರಿಟನಿಯ ನಿತ್ಯದ ತಿನಿಸು ಗಾಲೆತ್ ಎಂಬ ದೋಸೆ. ‘ಕಪ್ಪು ಗೋಧಿ’ ಎಂದು ಕರೆಯಲಾಗುವ ಧಾನ್ಯದ ಹಿಟ್ಟು, ನೀರು, ಉಪ್ಪು, ಇಷ್ಟೇ ಅದರ ಮೂಲ ಪದಾರ್ಥ. ಹೆಸರಿಗೆ ಗೋಧಿಯಾದರೂ ಅದು ಗೋಧಿಯ ಕುಲದ್ದಲ್ಲ. ಉತ್ತರ ಭಾರತದಲ್ಲಿ ಉಪವಾಸದ ದಿನ ಬಳಸುವ ‘ಕುಟ್ಟು’ ಇದೇ. ಬಡ ಮಣ್ಣಿನಲ್ಲೂ ಬೆಳೆಯುವುದರಿಂದ ಶತಮಾನಗಳ ಕಾಲ ಅದು ಬಡವರ ಹೊಟ್ಟೆ ತುಂಬಿಸಿತು. ಬಿಲಿಗ್ ಎಂಬ ಅಗಲವಾದ ದುಂಡು ಕಾವಲಿಯ ಮೇಲೆ ಹಿಟ್ಟು ಹೊಯ್ದು, ರೋಜೆಲ್ ಎಂಬ ಪುಟ್ಟ ಮರದ ಹಲಗೆಯಿಂದ ಸುತ್ತ ಎಳೆದು ತೆಳ್ಳಗೆ ಹರಡುತ್ತಾರೆ. ಮೊಟ್ಟೆಯೋ ಗಿಣ್ಣೋ ಅಣಬೆಯೋ ಇಟ್ಟು ನಾಲ್ಕು ಅಂಚುಗಳನ್ನು ಮಡಚಿ ಬಡಿಸುತ್ತಾರೆ. ನೀರುದೋಸೆ ಎರೆದು ಬಲ್ಲ ಕೈಗಳಿಗೆ ಆ ಅಡುಗೆಮನೆಯಲ್ಲಿ ಹೊಸತೆನಿಸುವುದು ಹೆಚ್ಚೇನೂ ಇರಲಾರದು.

ಆ ದೋಸೆಗೆ ಸವರುವುದು ಉಪ್ಪು ಬೆರೆತ ಬೆಣ್ಣೆ. ಫ್ರಾನ್ಸಿನ ಉಳಿದ ಬಹುಭಾಗಗಳಲ್ಲಿ ಸಪ್ಪೆ ಬೆಣ್ಣೆಯೇ ವಾಡಿಕೆ; ಬ್ರಿಟನಿಯಲ್ಲಿ ಉಪ್ಪಿಲ್ಲದ ಬೆಣ್ಣೆ ಬೆಣ್ಣೆಯೇ ಅಲ್ಲ. ಇದಕ್ಕೆ ಕಾರಣ ನಾಲಿಗೆಯಲ್ಲ, ತೆರಿಗೆ. 1532ರಲ್ಲಿ ಬ್ರಿಟನಿ ಫ್ರಾನ್ಸಿನ ಸಿಂಹಾಸನದೊಡನೆ ಸೇರಿದಾಗ ತನ್ನ ಹಳೆಯ ಸವಲತ್ತುಗಳನ್ನು ಉಳಿಸಿಕೊಂಡೇ ಸೇರಿತು. ಅವುಗಳಲ್ಲಿ ಉಪ್ಪಿನ ಸುಂಕದಿಂದ ವಿನಾಯಿತಿಯೂ ಒಂದು. ನೆರೆಯ ಪ್ರಾಂತಗಳಲ್ಲಿ ಉಪ್ಪು ದುಬಾರಿಯಾಗಿ ಜನ ಬೆಣ್ಣೆಗೆ ಉಪ್ಪು ಹಾಕುವುದನ್ನು ಬಿಟ್ಟರು. ಇಲ್ಲಿಯವರಿಗೆ ಬಿಡಬೇಕಾದ ಪ್ರಮೇಯವೇ ಬರಲಿಲ್ಲ. ಗಡಿ ದಾಟಿಸಿ ಉಪ್ಪು ಸಾಗಿಸಿದವರಿಗೆ ಹಡಗಿನ ಹುಟ್ಟು ಹಾಕುವ ಜೀತದ ಶಿಕ್ಷೆಯಾಗುತ್ತಿತ್ತು. ಗಡಿಯ ಈಚೆಗೂ ಆಚೆಗೂ ಒಂದೇ ಪದಾರ್ಥಕ್ಕೆ ಬೇರೆ ಬೇರೆ ಬೆಲೆಯಿರುವುದೆಂದರೇನು ಎಂಬುದನ್ನು ಗಡಿನಾಡಿನವರಿಗೆ ವಿವರಿಸಬೇಕಾಗಿಲ್ಲ. ಸುಂಕ ಎಂದೋ ಹೋಯಿತು; ರುಚಿ ಮಾತ್ರ ಉಳಿದುಕೊಂಡಿತು. ಇಂದು ಅತ್ಯಂತ ದುಬಾರಿ ಭೋಜನಶಾಲೆಯಲ್ಲಿಯೂ ಮೊದಲು ಮೇಜಿಗೆ ಬರುವುದು ಬ್ರೆಡ್ಡು ಮತ್ತು ಈ ಉಪ್ಪುಬೆಣ್ಣೆ. ಸಾಂ-ಮಾಲೊದ ಬೆಣ್ಣೆಗಾರ ಬೊರ್ದಿಯೆ ಅವರು ಬೆಣ್ಣೆಯನ್ನು ಮರದ ಯಂತ್ರದಲ್ಲಿ ನಾದಿ, ಕಡಲ ಪಾಚಿಯನ್ನು ಬೆರೆಸಿ ಸಿದ್ಧಪಡಿಸುವ ಮುದ್ದೆ ದೇಶವಿಡೀ ಪ್ರಸಿದ್ಧ.

ಒಂದಾದ ಮೇಲೊಂದು

ದೊಡ್ಡ ಊಟ ಇಲ್ಲಿ ಎರಡು ಮೂರು ಗಂಟೆಗಳ ಕಾರ್ಯಕ್ರಮ. ಹಸಿವನ್ನು ಕೆಣಕುವ ತುತ್ತುಗಳು ಮೊದಲು; ಬಳಿಕ ಆರಂಭದ ಬಡಿಕೆ, ಮೀನು, ಮಾಂಸ; ಅನಂತರ ಗಿಣ್ಣು, ಸಿಹಿ, ಕೊನೆಗೆ ಕಾಫಿಯೊಡನೆ ಕೈಬೆರಳಿನ ಗಾತ್ರದ ಮಿಠಾಯಿ. ಪ್ರತಿ ಬಡಿಕೆಗೂ ತಟ್ಟೆ ಬದಲಾಗುತ್ತದೆ, ಚೂರಿ ಮುಳ್ಳುಚಮಚಗಳು ಬದಲಾಗುತ್ತವೆ. ದ್ರಾಕ್ಷಾರಸವನ್ನು ಆಯ್ದುಕೊಡುವುದಕ್ಕೆಂದೇ ಬೇರೊಬ್ಬ ಬಲ್ಲವರಿರುತ್ತಾರೆ.

ಇದು ಅನಾದಿಯಿಂದ ಬಂದ ಪದ್ಧತಿಯಲ್ಲ ಎಂಬುದು ಕುತೂಹಲದ ಸಂಗತಿ. ಹತ್ತೊಂಬತ್ತನೆಯ ಶತಮಾನದವರೆಗೂ ಫ್ರೆಂಚರ ದೊಡ್ಡ ಊಟಗಳಲ್ಲಿ ಹತ್ತಾರು ಭಕ್ಷ್ಯಗಳನ್ನು ಒಟ್ಟಿಗೇ ಮೇಜಿನ ಮೇಲೆ ಹರಡುತ್ತಿದ್ದರು; ಉಣ್ಣುವವರು ತಮಗೆ ಬೇಕಾದುದನ್ನು ತೆಗೆದುಕೊಳ್ಳುತ್ತಿದ್ದರು. ಒಂದಾದ ಮೇಲೊಂದನ್ನು ಬಿಸಿಯಾಗಿಯೇ ತಂದು ಬಡಿಸುವ ಕ್ರಮ ಬಂದದ್ದು ರಷ್ಯದಿಂದ. ಅದಕ್ಕೆ ಇಂದಿಗೂ ‘ರಷ್ಯನ್ ಬಡಿಕೆ’ ಎಂದೇ ಹೆಸರು. ಬಾಳೆಯೆಲೆಯ ಮೇಲೆ ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಪಲ್ಯಗಳನ್ನು ತಮ್ಮತಮ್ಮ ಸ್ಥಾನದಲ್ಲಿಟ್ಟು, ಅನ್ನದ ಮೇಲೆ ಸಾರು, ಸಾಂಬಾರು, ಪಾಯಸ, ಮಜ್ಜಿಗೆಗಳನ್ನು ಸರದಿಯಂತೆ ತರುವ ನಮ್ಮ ಪಂಕ್ತಿಯಲ್ಲಿ ಆ ಎರಡು ಕ್ರಮಗಳೂ ಕೂಡಿಕೊಂಡಿವೆ. 2010ರಲ್ಲಿ ಯುನೆಸ್ಕೊ ಮನುಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿದ್ದು ಫ್ರೆಂಚರ ಯಾವುದೊಂದು ಭಕ್ಷ್ಯವನ್ನೂ ಅಲ್ಲ. ಬಂಧುಮಿತ್ರರು ಒಟ್ಟಿಗೆ ಕುಳಿತು, ಕ್ರಮವಾಗಿ, ಮಾತನಾಡುತ್ತ ಉಣ್ಣುವ ಆ ಆಚರಣೆಯನ್ನು.

ಬಾಗಿಲೊಳಗೆ ಕಾಲಿಡುವ ಮೊದಲೇ ಗಿರಾಕಿಗೆ ಕೆಲವು ಹಕ್ಕುಗಳಿವೆ. ಊಟದ ಪಟ್ಟಿಯನ್ನು ಬೆಲೆಸಹಿತ ಹೊರಗಡೆ ತೂಗುಹಾಕಲೇಬೇಕು. ಆ ಬೆಲೆಯಲ್ಲಿ ತೆರಿಗೆಯೂ ಬಡಿಸುವವರ ಸೇವಾಶುಲ್ಕವೂ ಸೇರಿರಬೇಕು. ಇನಾಮು ಗಿರಾಕಿಯ ಇಚ್ಛೆ. ಊಟದ ಜೊತೆಗೆ ಬ್ರೆಡ್ಡು ಮತ್ತು ಹೂಜಿಯ ನೀರು ಉಚಿತ. ಉಚಿತ ನೀರು ಕೇಳಬಹುದೆಂದು ಕಾಣುವಂತೆ ತಿಳಿಸಬೇಕೆಂದು 2020ರ ಕಾಯ್ದೆ ಹೇಳುತ್ತದೆ. 25 ಯೂರೊ ಮುಟ್ಟಿದ ಮೇಲೆ ಕೇಳದಿದ್ದರೂ ವಿವರವಾದ ಬಿಲ್ಲು ಕೊಡಬೇಕು. ‘ಮನೆಯಲ್ಲೇ ಮಾಡಿದ್ದು’ ಎಂಬ ಮಾತನ್ನೂ ಮನಬಂದಂತೆ ಬರೆಯುವಂತಿಲ್ಲ. 2014ರ ಕಾಯ್ದೆಯಂತೆ, ಕಚ್ಚಾ ಸಾಮಗ್ರಿಯಿಂದ ಆ ಸ್ಥಳದಲ್ಲಿಯೇ ಬೇಯಿಸಿದ ಅಡುಗೆಗೆ ಮಾತ್ರ ಆ ಹೆಸರು, ಬಾಣಲೆಯ ಮೇಲೆ ಮನೆಯ ಮಾಡು ಹೊದಿಸಿದಂತಿರುವ ಆ ಗುರುತು. ಪೊಟ್ಟಣ ಒಡೆದು ಬಿಸಿಮಾಡಿ ಬಡಿಸುವವರಿಗೆ ಅದು ಸಲ್ಲದು.

ಮಸಾಲೆಯ ಮನೆ

ಕಾಂಕಾಲಿನ ಹೆಸರನ್ನು ಲೋಕದ ಊಟದ ನಕ್ಷೆಯಲ್ಲಿ ಬರೆದವರು ಒಲಿವಿಯೆ ರೊಲಾಂಜೆ. 1955ರಲ್ಲಿ ಅಲ್ಲೇ ಹುಟ್ಟಿದವರು, ವೈದ್ಯರ ಮಗ, ವಿಜ್ಞಾನದ ವಿದ್ಯಾರ್ಥಿ. 1976ರಲ್ಲಿ ಸಾಂ-ಮಾಲೊದಲ್ಲಿ ಯುವಕರ ಗುಂಪೊಂದು ಅವರನ್ನು ಅಕಾರಣವಾಗಿ ಹೊಡೆದು ಸಾಯಲು ಬಿಟ್ಟಿತು. ಪ್ರಜ್ಞೆ ಮರಳಲು ದಿನಗಳು ಹಿಡಿದವು. ಎದ್ದು ನಡೆಯಲು ವರ್ಷಗಳು ಬೇಕಾದವು. ಗಾಲಿಕುರ್ಚಿಯ ಆ ಕಾಲದಲ್ಲಿ ಮನೆಗೆ ಬಂದುಹೋಗುವವರು, ಅವರ ಮುಂದೆ ಬಡಿಸುವ ತಟ್ಟೆ, ಇವೇ ಬದುಕಿಗೆ ಆಸರೆಯಾದವು. ಚೇತರಿಸಿಕೊಂಡ ಮೇಲೆ ಅವರು ಪ್ರಯೋಗಶಾಲೆಗೆ ಮರಳಲಿಲ್ಲ, ಅಡುಗೆ ಕಲಿತರು. 1982ರಲ್ಲಿ ಹೆಂಡತಿಯೊಡನೆ ತಾನು ಬೆಳೆದ ಮನೆಯಲ್ಲಿಯೇ ಮೇಜು ಹಾಕಿದರು. 1984ರಲ್ಲಿ ಮೊದಲ ನಕ್ಷತ್ರ, 1988ರಲ್ಲಿ ಎರಡನೆಯದು, 2006ರಲ್ಲಿ ಮೂರನೆಯದು.

ಆ ಮನೆ ಹದಿನೆಂಟನೆಯ ಶತಮಾನದ ಸಾಂ-ಮಾಲೊದ ವರ್ತಕರು ಕಟ್ಟಿಸಿದ ಬಗೆಯದು. ಆ ವರ್ತಕರ ಹಡಗುಗಳು ಆಫ್ರಿಕವನ್ನು ಸುತ್ತಿ ಭಾರತಕ್ಕೆ ಬರುತ್ತಿದ್ದವು. ಹತ್ತಿಬಟ್ಟೆ, ಕಾಳುಮೆಣಸು, ಕಾಫಿಗಳನ್ನು ಹೊತ್ತು ಮರಳುತ್ತಿದ್ದವು. ಅದೇ ಬಂದರಿನ ಕೆಲವು ಹಡಗುಗಳು ಗುಲಾಮರನ್ನು ಸಾಗಿಸಿದ ಕಹಿ ಚರಿತ್ರೆಯೂ ಉಂಟು. ತನ್ನ ಊರಿನ ಅಡುಗೆಯೆಂದರೆ ಮೀನು ಬೆಣ್ಣೆಗಳಷ್ಟೇ ಅಲ್ಲ, ಹಡಗು ಇಳಿಸಿಹೋದ ಈ ಮಸಾಲೆಯೂ ತನ್ನ ಊರಿನದೇ ಎಂಬುದು ರೊಲಾಂಜೆಯವರ ಕಾಣ್ಕೆ. ಅವರ ಅತಿ ಪ್ರಸಿದ್ಧ ಭಕ್ಷ್ಯಕ್ಕೆ ಅವರಿಟ್ಟ ಹೆಸರಿನ ಅರ್ಥ ‘ಭಾರತದಿಂದ ಮರಳಿ’. ಸಾಂ ಪಿಯೆರ್ ಎಂಬ ಚಪ್ಪಟೆ ಮೀನಿನ ತುಂಡಿಗೆ ಅರಿಶಿನ, ಕೊತ್ತಂಬರಿ, ಜಾಪತ್ರೆಗಳುಳ್ಳ ಮಸಾಲೆಪುಡಿಯ ಹದವಾದ ಪರಿಮಳ. ನಮ್ಮ ನಾಲಿಗೆಗೆ ಅದು ಖಾರವೆನಿಸಲಾರದು. ಮಸಾಲೆಯನ್ನು ಅವರು ಬಳಸುವುದು ಉರಿ ಹುಟ್ಟಿಸುವುದಕ್ಕಲ್ಲ, ಮೀನಿನ ಸಿಹಿಯನ್ನು ಎತ್ತಿಹಿಡಿಯುವುದಕ್ಕೆ.

ಈ ದಾರಿಯ ಇನ್ನೊಂದು ತುದಿ ನಮ್ಮ ಓದುಗರಿಗೆ ಬಹಳ ಹತ್ತಿರದ್ದು. ಕಣ್ಣೂರಿನಿಂದ ದಕ್ಷಿಣಕ್ಕೆ, ತಲಶ್ಶೇರಿಯನ್ನು ದಾಟಿದೊಡನೆ ಸಿಗುವ ಮಾಹೆಯಲ್ಲಿ ಫ್ರೆಂಚರು 1720ರ ದಶಕದಲ್ಲಿ ನೆಲೆಯೂರಿದ್ದು ಕಾಳುಮೆಣಸಿಗಾಗಿ. 1725ರಲ್ಲಿ ಆ ಊರನ್ನು ಗೆದ್ದುಕೊಂಡ ನೌಕಾಪಡೆಯಲ್ಲಿದ್ದ ಬೆರ್ತ್ರಾಂ ಫ್ರಾನ್ಸ್ವಾ ಮಾಹೆ ದ ಲಾ ಬೂರ್ದೊನೆ ಹುಟ್ಟಿದ್ದು 1699ರಲ್ಲಿ, ಇದೇ ಸಾಂ-ಮಾಲೊದಲ್ಲಿ. ಊರಿನ ಮಯ್ಯಳಿ ಎಂಬ ಹೆಸರೂ ಆತನ ಕುಲನಾಮವೂ ಒಂದರೊಳಗೊಂದು ಬೆರೆತುಹೋದವು. ಆತ ಮುಂದೆ ಮಾರಿಷಸ್ಸಿನ ಗವರ್ನರನಾದ. 1746ರಲ್ಲಿ ಇಂಗ್ಲಿಷರಿಂದ ಮದರಾಸನ್ನು ಗೆದ್ದ. ಗೆದ್ದುದನ್ನು ಹಣಕ್ಕೆ ಬಿಟ್ಟುಕೊಡಲು ಒಪ್ಪಿದನೆಂದು ಪಾಂಡಿಚೇರಿಯ ಡೂಪ್ಲೆಯೊಡನೆ ಜಗಳವಾಗಿ ಬಾಸ್ತೀಯ್ ಸೆರೆಮನೆ ಸೇರಿದ. 1751ರಲ್ಲಿ ನಿರ್ದೋಷಿಯೆಂದು ಬಿಡುಗಡೆ ಹೊಂದಿ ಎರಡು ವರ್ಷಗಳಲ್ಲಿ ತೀರಿಕೊಂಡ. ಮಾಹೆ 1954ರಲ್ಲಿ ಭಾರತಕ್ಕೆ ಸೇರಿತು. ವಯನಾಡಿನ ಮರಗಳಿಗೂ ಕಾಸರಗೋಡಿನ ಅಡಕೆ ತೋಟಗಳಿಗೂ ಹಬ್ಬಿರುವ ಬಳ್ಳಿ ಮಾತ್ರ ಆಗಲೂ ಈಗಲೂ ಅದೇ. ಅದರ ಫಲ ಎಷ್ಟು ದೂರದ ಅಡುಗೆಯನ್ನು ರೂಪಿಸಿತೆಂಬುದನ್ನು ಬಳ್ಳಿ ಕಟ್ಟಿದವರು ತಿಳಿದುಕೊಳ್ಳುವ ಸಂದರ್ಭಗಳೇ ವಿರಳ.

ನಕ್ಷತ್ರದ ತೂಕ

ಮಿಷೆಲಿನ್ ಕೈಪಿಡಿ ಹುಟ್ಟಿದ್ದು 1900ರಲ್ಲಿ, ಟಯರು ಕಂಪನಿಯೊಂದು ಮೋಟಾರು ಪ್ರಯಾಣಿಕರಿಗಾಗಿ ಹಂಚಿದ ಪುಸ್ತಕವಾಗಿ. 1926ರಲ್ಲಿ ನಕ್ಷತ್ರ ಬಂದಿತು. 1931ರಿಂದ ಒಂದು, ಎರಡು, ಮೂರು ಎಂಬ ದರ್ಜೆಗಳಾದವು. ಮೂರು ಎಂದರೆ ಆ ಊಟಕ್ಕಾಗಿಯೇ ಪ್ರಯಾಣ ಮಾಡಬಹುದೆಂದು ಅರ್ಥ. ಪರೀಕ್ಷಕರು ಹೆಸರು ಹೇಳದೆ ಬಂದು, ಉಂಡು, ಬಿಲ್ಲು ತೆತ್ತು ಹೋಗುತ್ತಾರೆ. ನಕ್ಷತ್ರ ಬಂದರೆ ವರ್ಷವಿಡೀ ಮೇಜು ಭರ್ತಿ. ಹೋದರೆ ಸಾಲದ ಹೊರೆ, ಮರ್ಯಾದೆಯ ಭಂಗ. ಆಲ್ಪ್ಸ್ ಪರ್ವತದ ಪ್ರಸಿದ್ಧ ಬಾಣಸಿಗ ಮಾರ್ಕ್ ವೇರಾ, 2019ರಲ್ಲಿ ತಮ್ಮ ಮೂರನೆಯ ನಕ್ಷತ್ರವನ್ನು ಕಿತ್ತುಕೊಂಡದ್ದಕ್ಕೆ ಕಾರಣ ಕೊಡಿರೆಂದು ಕೈಪಿಡಿಯ ಮೇಲೆ ದಾವೆಯನ್ನೇ ಹೂಡಿದರು. ಕೇಳಿದ ಪರಿಹಾರ ಸಾಂಕೇತಿಕವಾಗಿ ಒಂದು ಯೂರೊ. ನಾಂತೇರ್ ನ್ಯಾಯಾಲಯ ಅದೇ ವರ್ಷದ ಡಿಸೆಂಬರ್ 31ರಂದು ದಾವೆಯನ್ನು ವಜಾಗೊಳಿಸಿತು. ವಿಮರ್ಶಕನಿಗೆ ತನ್ನ ಅಭಿಪ್ರಾಯವನ್ನು ಹೇಳುವ ಸ್ವಾತಂತ್ರ್ಯವಿದೆ. ನಾಲಿಗೆಯ ತೀರ್ಪಿಗೆ ಮೇಲ್ಮನವಿಯಿಲ್ಲ.

ರೊಲಾಂಜೆಯವರದು ಇದಕ್ಕೆ ತೀರ ವಿರುದ್ಧವಾದ ಪ್ರಸಂಗ. ಮೂರನೆಯ ನಕ್ಷತ್ರ ಬಂದು ಮೂರು ವರ್ಷ ತುಂಬುವ ಮೊದಲೇ, 2008ರ ನವೆಂಬರಿನಲ್ಲಿ, ಆ ಭೋಜನಶಾಲೆಯನ್ನು ಮುಚ್ಚುವುದಾಗಿ ಅವರು ಸಾರಿದರು. ದಿನಕ್ಕೆ ಎರಡು ಹೊತ್ತು ಒಲೆಯ ಮುಂದೆ ನಿಲ್ಲುವುದಕ್ಕೆ, ಮೂವತ್ತು ವರ್ಷಗಳ ಹಿಂದೆ ಮುರಿದಿದ್ದ ದೇಹ ಇನ್ನು ಒಪ್ಪುತ್ತಿರಲಿಲ್ಲ. ಹೆಸರನ್ನು ಬಾಗಿಲಿನ ಮೇಲೆ ಉಳಿಸಿಕೊಂಡು ಬೇರೆಯವರ ಕೈಯಿಂದ ಅಡುಗೆ ಮಾಡಿಸಲು ಯಾವ ಕಾಯ್ದೆಯ ಅಡ್ಡಿಯೂ ಇರಲಿಲ್ಲ. ಅವರು ಹಾಗೆ ಮಾಡಲಿಲ್ಲ. ಡಿಸೆಂಬರಿನಲ್ಲಿ ಒಲೆ ಆರಿತು. ಮಸಾಲೆಯ ವ್ಯಾಪಾರವೂ, ಕೊಲ್ಲಿಯ ದಡದ ಬಂಗಲೆಯಲ್ಲಿದ್ದ ಲ ಕೊಕಿಯಾಜ್ ಎಂಬ, ಅಷ್ಟು ಆಡಂಬರವಿಲ್ಲದ ಮತ್ತೊಂದು ಭೋಜನಶಾಲೆಯೂ ನಡೆದುಕೊಂಡು ಬಂದವು.

ಮಗ ಯೂಗೊ ಮೊದಲು ಹಿಡಿದದ್ದು ತಂದೆಯ ಸೌಟನ್ನಲ್ಲ, ಹಡಗಿನ ಚುಕ್ಕಾಣಿಯನ್ನು. ಅವರು ವ್ಯಾಪಾರಿ ನೌಕೆಗಳ ಅಧಿಕಾರಿಯಾಗಿದ್ದರು. ಅಲ್ಲಿಂದ ದಡಕ್ಕೆ ಮರಳಿ ಅಡುಗೆ ಕಲಿತು ಲ ಕೊಕಿಯಾಜಿನ ಹೊಣೆ ಹೊತ್ತರು. 2019ರಲ್ಲಿ ಎರಡು ನಕ್ಷತ್ರ, 2025ರಲ್ಲಿ ಮೂರು. ನೆರೆಯ ಗ್ರಾಮದ ಎಲ್ಲೆಯಲ್ಲಿರುವ ಆ ಬಂಗಲೆಯ ಕಿಟಕಿಗಳಿಂದ ಇಡೀ ಕೊಲ್ಲಿ ಕಾಣುತ್ತದೆ. ಕೊಲ್ಲಿಯ ಮೀನು, ಚಿಪ್ಪು, ಪಾಚಿ, ಹಿತ್ತಿಲಿನ ತರಕಾರಿ ಸೊಪ್ಪುಗಳು, ಜೊತೆಗೆ ತಂದೆಯ ಮಸಾಲೆ, ಇವೇ ಅಲ್ಲಿಯ ಅಡುಗೆಯ ಬಂಡವಾಳ.

ಊಟದ ಪಟ್ಟಿಯ ಭಾಷೆ

ಬಂದರಿನ ಯಾವುದೇ ಭೋಜನಶಾಲೆಯ ಬಾಗಿಲಲ್ಲಿ ತೂಗುವ ಪಟ್ಟಿಯನ್ನು ಓದಿದರೆ ಮತ್ತೊಂದು ಕಥೆ ತೆರೆದುಕೊಳ್ಳುತ್ತದೆ. 1994ರ ಆಗಸ್ಟ್ 4ರ ಭಾಷಾ ಕಾಯ್ದೆಯಂತೆ ಸರಕು ಸೇವೆಗಳ ವಿವರ ಫ್ರೆಂಚಿನಲ್ಲಿ ಇರಲೇಬೇಕು. ಪ್ರವಾಸಿಗರಿಗಾಗಿ ಇಂಗ್ಲಿಷ್ ಬರೆದರೂ ಫ್ರೆಂಚನ್ನು ಬಿಡುವಂತಿಲ್ಲ. ಆದರೆ ಆ ಫ್ರೆಂಚಿನ ನಡುವೆ ಫ್ರೆಂಚಲ್ಲದ ಪದಗಳು ತಲೆಯೆತ್ತಿ ನಿಂತಿರುತ್ತವೆ. ಬೆಣ್ಣೆ ಸಕ್ಕರೆಗಳ ಪದರಪದರದ ಸಿಹಿ ‘ಕ್ವಿನ್ ಅಮನ್’. ಬ್ರೆತೊಂ ಭಾಷೆಯಲ್ಲಿ ಕ್ವಿನ್ ಎಂದರೆ ಕೇಕು, ಅಮನ್ ಎಂದರೆ ಬೆಣ್ಣೆ. ಬಿಲಿಗ್, ರೋಜೆಲ್ ಪದಗಳೂ ಅದೇ ಭಾಷೆಯವು. ಬ್ರೆತೊಂ ಕೆಲ್ಟಿಕ್ ಭಾಷೆ, ಬ್ರಿಟನಿಯ ಪಶ್ಚಿಮಾರ್ಧದ್ದು. ಕಾಂಕಾಲಿನ ಸುತ್ತಿನ ಪೂರ್ವಾರ್ಧದ ಹಳ್ಳಿಗರದು ಗಾಲೊ ಎಂಬ ಮತ್ತೊಂದು ನುಡಿ. ಇವೆರಡೂ ಈಗ ಅಳಿವಿನ ಅಂಚಿನಲ್ಲಿವೆ.

ಅವು ತಾವಾಗಿ ಸೊರಗಲಿಲ್ಲ. ಹತ್ತೊಂಬತ್ತನೆಯ ಶತಮಾನದಿಂದ ಇಪ್ಪತ್ತನೆಯದರ ನಡುಭಾಗದವರೆಗೂ ಶಾಲೆಯಲ್ಲಿ ಬ್ರೆತೊಂ ಮಾತನಾಡಿ ಸಿಕ್ಕಿಬಿದ್ದ ಮಗುವಿನ ಕೊರಳಿಗೆ ಹಳೆಯ ಮರದ ಪಾದರಕ್ಷೆಯನ್ನೋ ಅಂಥ ಬೇರೊಂದು ವಸ್ತುವನ್ನೋ ಕಟ್ಟುತ್ತಿದ್ದರು. ಅದೇ ತಪ್ಪು ಮಾಡಿದ ಮತ್ತೊಂದು ಮಗುವನ್ನು ಹಿಡಿದುಕೊಟ್ಟರೆ ಮಾತ್ರ ಅದರಿಂದ ಬಿಡುಗಡೆ. ಹಾಗೆ ಅವಮಾನಗೊಂಡವರು ತಮ್ಮ ಮಕ್ಕಳಿಗೆ ಆ ಭಾಷೆಯನ್ನು ಕಲಿಸಲಿಲ್ಲ. 1977ರಲ್ಲಿ ಕೆಲವು ತಂದೆತಾಯಿಗಳು ಸೇರಿ, ಪಾಠವೆಲ್ಲ ಬ್ರೆತೊಂ ಭಾಷೆಯಲ್ಲಿಯೇ ನಡೆಯುವ ಶಾಲೆಯನ್ನು ಆರಂಭಿಸಿ ‘ದಿವಾನ್’ ಎಂದು ಹೆಸರಿಟ್ಟರು. ಮೊಳಕೆ ಎಂದು ಅದರ ಅರ್ಥ. ಇಂಥ ಬೋಧನೆಗೆ ಮಾನ್ಯತೆ ಕೊಡಲು ಸಂಸತ್ತು 2021ರ ಏಪ್ರಿಲಿನಲ್ಲಿ ಕಾಯ್ದೆ ಮಾಡಿದಾಗ, ಗಣರಾಜ್ಯದ ಭಾಷೆ ಫ್ರೆಂಚ್ ಎಂಬ ಸಂವಿಧಾನದ ಎರಡನೆಯ ವಿಧಿಗೆ ಅದು ವಿರುದ್ಧವೆಂದು ಸಂವಿಧಾನ ಮಂಡಳಿ ಮೇ 21ರಂದು ಆ ಭಾಗವನ್ನು ತಳ್ಳಿಹಾಕಿತು. ಅದೇ ಸಂವಿಧಾನಕ್ಕೆ 2008ರಲ್ಲಿ ಸೇರಿಸಿದ ಮತ್ತೊಂದು ವಿಧಿ, ಪ್ರಾದೇಶಿಕ ಭಾಷೆಗಳು ಫ್ರಾನ್ಸಿನ ಪರಂಪರೆಗೆ ಸೇರಿದವು ಎನ್ನುತ್ತದೆ. ಪರಂಪರೆಯಾಗಿ ಇರಬಹುದು, ಪಾಠದ ಮಾಧ್ಯಮವಾಗಿ ಅಲ್ಲ ಎಂಬಂತಾಯಿತು. ಆದರೂ ದಿವಾನ್ ಶಾಲೆಗಳ ಬಾಗಿಲು ಮುಚ್ಚಿಲ್ಲ. ತಂದೆತಾಯಿಗಳು ಮಕ್ಕಳನ್ನು ಕಳಿಸುತ್ತಲೇ ಇದ್ದಾರೆ.

ಭಾಷಾ ಅಲ್ಪಸಂಖ್ಯಾತರಿಗೆ ತಮ್ಮ ಆಯ್ಕೆಯ ಶಾಲೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕನ್ನು ಭಾರತದ ಸಂವಿಧಾನದ 30ನೆಯ ವಿಧಿ ಸ್ಪಷ್ಟ ಮಾತುಗಳಲ್ಲಿ ಕೊಟ್ಟಿದೆ. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಬೋಧನೆಗೆ ಅನುಕೂಲ ಕಲ್ಪಿಸಬೇಕೆಂದು 350-ಎ ವಿಧಿ ರಾಜ್ಯಗಳಿಗೆ ಹೇಳುತ್ತದೆ. ಬರವಣಿಗೆಯಲ್ಲಿ ಗಡಿನಾಡಿನ ಕನ್ನಡ ಮಗುವಿನ ಸ್ಥಿತಿ ಬ್ರಿಟನಿಯ ಮಗುವಿನದಕ್ಕಿಂತ ಮೇಲು. ತರಗತಿಯ ಹಾಜರಿ ಪುಸ್ತಕದಲ್ಲಿ ಅದು ಹೇಗಿದೆಯೆಂಬುದನ್ನು ಆಯಾ ಊರಿನ ಶಾಲೆಗಳೇ ಹೇಳಬೇಕು. ಅಡುಗೆಯ ಪದಗಳು ಗಟ್ಟಿಮುಟ್ಟಾದವು. ಭಾಷೆ ಹೋದ ಮೇಲೂ ಅವು ಊಟದ ಪಟ್ಟಿಯಲ್ಲಿ ಉಳಿದುಕೊಳ್ಳುತ್ತವೆ. ಕ್ವಿನ್ ಅಮನ್ ಎಂದು ತೋರಿಸಿ ತರಿಸಿಕೊಂಡು ತಿನ್ನುವವರಲ್ಲಿ, ಅಮನ್ ಎಂದರೆ ಬೆಣ್ಣೆಯೆಂದು ಬಲ್ಲವರು ಎಷ್ಟು ಮಂದಿ?

ಕಾಂಕಾಲಿನ ಅಂಗಡಿಗಳಲ್ಲಿ ಪುಟ್ಟ ಪುಸ್ತಕವೊಂದನ್ನು ಮಾರುತ್ತಾರೆ: ವರ್ಷದ ಪ್ರತಿ ದಿನದ ಭರತ ಇಳಿತಗಳ ಗಳಿಗೆ. ಸಿಂಪಿಯ ರೈತ ಎಷ್ಟು ಹೊತ್ತಿಗೆ ಟ್ರ್ಯಾಕ್ಟರ್ ಹೊರಡಿಸಬೇಕು, ಬಂಡೆಗಳಲ್ಲಿ ಚಿಪ್ಪು ಹೆಕ್ಕಲು ಹೋದವರು ಎಷ್ಟು ಹೊತ್ತಿಗೆ ಮರಳಬೇಕು ಎಂಬುದೆಲ್ಲ ಅದರಲ್ಲಿದೆ. ಮೆಟ್ಟಿಲಿನ ತಟ್ಟೆಗೂ ಮೂರು ನಕ್ಷತ್ರದ ಮೇಜಿಗೂ ಪಂಚಾಂಗ ಅದೊಂದೇ.